ಮಾವನ ಚಡ್ಡಿ, ಮೂರಡಿ ಮಣ್ಣು

ರಾತ್ರಿ ಮನೆಯವರೆಲ್ಲ ಮಲಗುವ ಹೊತ್ತಿಗೆ ಆಶಾರಾಣಿಯ ಫೋನು ಟಿಣ್ ಎಂದಿತು. ತೆಂಗು ಬೆಳೆಗಾರರ ಗ್ರೂಪಿನಲ್ಲಿ ಪಕ್ಕದ ತೋಟದ ಮುತ್ತುರಾಜನ ಮೆಸೇಜು: 'ಬೆಳಗ್ಗೆ ಎಲ್ರೂ ಬರ್ತೀವಿ. ಮೇಡಂ ಹೂತಿರೋ ಚಡ್ಡಿ ತೆಗೀಲಿ.' ಗಾಬರಿಯಾಗಿ ಅತ್ತೆ ಪುಟ್ಟತಾಯಮ್ಮನಿಗೂ ಓದಿ ಹೇಳಿದಳು.

ಆಶಾರಾಣಿ ತುಮಕೂರಿನ ಕಾಲೇಜೊಂದರಲ್ಲಿ ವಿಜ್ಞಾನ ಕಲಿಸುವವಳು. ಗುಬ್ಬಿ ಹತ್ತಿರದ ತೋಟದಲ್ಲಿ ಉಳುಮೆ ಬೇಡ, ಸೋಗೆ ಸುಡಬೇಡಿ, ಅಲ್ಲೇ ಕೊಳೆಯಲಿ ಎಂದು ಮಾವ ದೊಡ್ಡರಂಗಯ್ಯನವರನ್ನು ಒಪ್ಪಿಸಿದ್ದಳು. ತೋಟ ತಿಪ್ಪೆಯಾಯಿತೆಂದು ಊರು ನಕ್ಕಿತು. ಅದಕ್ಕೇ ಈ ಪರೀಕ್ಷೆ. ಹೂತ ಹತ್ತಿ ಬಟ್ಟೆಯನ್ನು ಜೀವಾಣುಗಳು ತಿಂದು ಚಿಂದಿ ಮಾಡಿದರೆ ಮಣ್ಣಿಗೆ ಜೀವವಿದೆ ಎಂದರ್ಥ. ಮನೆಯಲ್ಲಿ ಅಪ್ಪಟ ಹತ್ತಿಯದೆಂದು ಸಿಕ್ಕಿದ್ದು ಮಾವನ ಬಿಳಿ ಚಡ್ಡಿಗಳು ಮಾತ್ರ. ಒಂದನ್ನು ಗೇಣುದ್ದ ಆಳದಲ್ಲಿ, ಇನ್ನೊಂದನ್ನು ಮೂರಡಿ ಕೆಳಗೆ ಹೂತು ಎರಡು ತಿಂಗಳಾಗಿತ್ತು. ಗಾಳಿ, ಕೊಳೆತ ಎಲೆ ಎಲ್ಲ ಮೇಲೆಯೇ ಇರುವುದರಿಂದ ಮೇಲಿನದೇ ಚಿಂದಿಯಾಗುತ್ತದೆಂದು ಅವಳು ಗ್ರೂಪಿನಲ್ಲಿ ಬರೆದೂ ಬಿಟ್ಟಿದ್ದಳು.

"ಆಗ್ಲಿಲ್ಲ ಅಂದ್ರೆ ಟ್ರ್ಯಾಕ್ಟರ್ ಕರ್ಸಿ ಉತ್ತಾಕ್ತೀನಿ ಕಣವ್ವ," ಎಂದಿದ್ದರು ಮಾವ.

ಬೆಳಗ್ಗೆ ತೋಟದ ತುಂಬ ಜನ. ಮುತ್ತುರಾಜ ಗುದ್ದಲಿ ಹಿಡಿದ.

"ಏನ್ ದೊಡ್ಡಪ್ಪ, ಎರಡೂ ಇಲ್ಲೇ ಅವೆ, ಇಷ್ಟ್ ದಿನ ಏನ್ ಮಾಡ್ದೆ?"

"ಮುಚ್ಕಂಡು ಅಗಿಯೋ."

ಗೇಣುದ್ದ ಆಳದಲ್ಲಿ ಹೂತಿದ್ದ ಚಡ್ಡಿ ಮೈಗೆಲ್ಲ ಮಣ್ಣು ಮೆತ್ತಿಕೊಂಡಿದ್ದರೂ ಮದುವೆಗಂಡಿನ ಹಾಗೆ ನೆಟ್ಟಗೆ ಎದ್ದು ಬಂತು. ಒಂದು ತೂತೂ ಇಲ್ಲ. ಮೂರಡಿ ಕೆಳಗಿನದರಲ್ಲಿ ಮಾತ್ರ ನಾಲ್ಕೈದು ತೂತು.

"ಮೇಡಮ್ಮೋರೆ, ನಿಮ್ ಜೀವಾಣು ಪಾತಾಳದಾಗೆ ಸಂಸಾರ ಹೂಡವೆ! ಇನ್ಮೇಲೆ ಬಾವಿ ತೋಡಿ ಗೊಬ್ಬರ ಹಾಕನ ಬುಡಿ!" ಎಂದ ಮುತ್ತುರಾಜ.

ನಗು ತೋಟ ದಾಟಿ ರಸ್ತೆಗೂ ಕೇಳಿಸಿತು. ಮಾವ ತಲೆ ತಗ್ಗಿಸಿಕೊಂಡು ಫೋನು ತೆಗೆದರು.

ನಾಚಿಕೆಯಿಂದ ಆ ತೂತಿಲ್ಲದ ಚಡ್ಡಿ ಮಡಚುವಾಗ ಆಶಾರಾಣಿಯ ಬೆರಳಿಗೆ ಅಂಗಡಿಯ ಸೈಜಿನ ಚೀಟಿ ಸಿಕ್ಕಿತು. ಕಾಗದವೂ ಕೊಳೆತಿಲ್ಲವೇ? ಅಷ್ಟರಲ್ಲಿ ಅತ್ತೆ ಅವಳ ಕೈ ಹಿಡಿದು ತೋಟದ ಮನೆಯ ಹಿತ್ತಲಿಗೆ ಎಳೆದೊಯ್ದು, ಸೆರಗಿನೊಳಗಿಂದ ಎಲಾಸ್ಟಿಕ್ಕಿಗೆ ಜೋತುಬಿದ್ದ ಚಿಂದಿಯೊಂದನ್ನು ತೆಗೆದರು.

"ಕೋಳಿ ಕೂಗೋ ಹೊತ್ಗೆ ಅಗೆದ್ ನೋಡ್ದೆ ಕಣೇ, ಎದೆ ಒಡ್ದೋಯ್ತು. ಇಂಥ ಹರಕು ಚಡ್ಡೀನ ಊರೋರ್ ಮುಂದೆ ತೆಗೆದ್ರೆ, ಕೆಲ್ಸಕ್ ಹೋಗೋ ಸೊಸೆ ಮಾವಂಗೆ ಒಂದ್ ಚಡ್ಡಿ ಕೊಡ್ಸಲ್ಲ ಅನ್ನಲ್ವಾ? ಹೊಸದಕ್ಕೆ ಮಣ್ ಉಜ್ಜಿ ಇಟ್ಟೆ. ಕೆಳಗಿಂದು ತೆಗೆಯಕ್ಕೆ ನನ್ ಸೊಂಟ ಬುಡ್ಲಿಲ್ಲ."

ಆ ಚಿಂದಿಯನ್ನು ಈಗಲೇ ಎತ್ತಿ ಹಿಡಿದರೆ ತೋಟ ಉಳಿಯುತ್ತಿತ್ತು. ಆಶಾರಾಣಿ ಜನರತ್ತ ಎರಡು ಹೆಜ್ಜೆ ಇಟ್ಟಳು.

"ನಿನ್ ಮರ್ವಾದೆ ಉಳೀತಲ್ಲ, ಅಷ್ಟ್ ಸಾಕು," ಎಂದು ಅತ್ತೆ ಹಿಂದಿನಿಂದ ನಿಟ್ಟುಸಿರು ಬಿಟ್ಟರು.

ಅವಳು ನಿಂತಳು. ಚಿಂದಿ ತೋರಿಸಿದರೆ ಊರು ಅತ್ತೆಯನ್ನು ನೋಡಿ ನಗುತ್ತಿತ್ತು. ಹಿಂದಿರುಗಿ ಬಂದು ಚಿಂದಿಯನ್ನು ನೀರೊಲೆಗೆ ತುರುಕಿದಳು. ಇದನ್ನು ಗಂಡನಿಗೂ ಹೇಳಬಾರದು ಎಂದುಕೊಳ್ಳುವಾಗ ಹೊರಗೆ ಮಾವನ ದನಿ ಕೇಳುತ್ತಿತ್ತು: "ನಾಳೆ ಬ್ಯಾಡ ಕಣಪ್ಪ, ಟ್ರ್ಯಾಕ್ಟರ್ ಈಗ್ಲೇ ತಗಂಬಾ."