ಕಪ್ಪು ಪೆನ್‌ಡ್ರೈವಿನಲ್ಲಿದ್ದ ಅತ್ತೆ

ಪ್ರಶ್ನೆಯನ್ನು ಎರಡು ಸಲ ಓದಿ ಆಮೇಲೆ ಉತ್ತರ ಬರೆಯಿರಿ ಎಂದು ಮಕ್ಕಳಿಗೆ ಇಪ್ಪತ್ತೈದು ವರ್ಷಗಳಿಂದ ಹೇಳಿಕೊಂಡು ಬಂದ ಕನ್ನಡ ಮಾಸ್ಟ್ರು ನಾನು. ಆದರೆ ಕಂಪ್ಯೂಟರ್ ಏನಾದರೂ ಕೇಳಿದರೆ ಒಂದು ಸಲವೂ ಓದುವುದಿಲ್ಲ. ಪರದೆಯ ಮೇಲೆ ಚೌಕವೊಂದು ಮೂಡಿದ ಕೂಡಲೇ ‘ಓಕೆ’ ಒತ್ತಿಬಿಡುತ್ತೇನೆ. ಅಷ್ಟು ವಿನಯದಿಂದ ಕೇಳುವ ಯಂತ್ರಕ್ಕೆ ಇಲ್ಲ ಎನ್ನುವುದು ಹೇಗೆ ಎಂಬ ದಾಕ್ಷಿಣ್ಯ. ಈ ದಾಕ್ಷಿಣ್ಯ ಒಂದು ಭಾನುವಾರ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದನ್ನು ಕೇಳಿ.

ಬಂಟ್ವಾಳದ ನಮ್ಮ ಮನೆಯ ಲ್ಯಾಪ್‌ಟಾಪ್ ಹತ್ತು ವರ್ಷ ಹಳೆಯದು. ಗುಂಡಿ ಒತ್ತಿ ಫರಂಗಿಪೇಟೆಗೆ ಹೋಗಿ ಮೀನು ತಂದರೂ ಅದರ ಚಕ್ರ ತಿರುಗುತ್ತಲೇ ಇರುತ್ತಿತ್ತು. ಮೂಡುಬಿದಿರೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಗೆಳೆಯ ಜಯರಾಮನಿಗೆ ಫೋನಿನಲ್ಲಿ ಗೋಳು ಹೇಳಿಕೊಂಡೆ. “ಹೊಸದು ಎಂತಕ್ಕೆ ಮಾಸ್ಟ್ರೇ? ಹಗುರದ ಆಪರೇಟಿಂಗ್ ಸಿಸ್ಟಮ್ ಉಂಟು, ಪುಕ್ಕಟೆ. ಡೌನ್‌ಲೋಡ್ ಮಾಡಿ ಪೆನ್‌ಡ್ರೈವಿಗೆ ಹಾಕಿ, ಅದರಿಂದ ಸ್ಟಾರ್ಟ್ ಮಾಡಿ,” ಎಂದ. ಹಾಕಿದೆ. ಲ್ಯಾಪ್‌ಟಾಪ್ ಅದನ್ನು ಮೂಸಿಯೂ ನೋಡಲಿಲ್ಲ. ಮತ್ತೆ ಫೋನ್ ಮಾಡಿದರೆ ಜಯರಾಮ ನಕ್ಕ. “ನೀವು ಫೈಲನ್ನು ಬರೀ ಕಾಪಿ ಮಾಡಿದ್ದು. ಹಾಗಲ್ಲ, ಅದನ್ನು ಬರೆಯಬೇಕು. ಅದಕ್ಕೆ ಬೇರೆ ಸಾಫ್ಟ್‌ವೇರ್ ಉಂಟು.” ನನಗೆ ಬರೆಯಲು ಬರುವುದಿಲ್ಲ ಎಂದು ನನ್ನ ಮುಖಕ್ಕೇ ಹೇಳಿದ್ದು ಅವನೊಬ್ಬನೇ.

ಆ ಸಾಫ್ಟ್‌ವೇರ್ ತಂದು ಬರೆದೆ. ಮುಗಿಯಲು ಕೂದಲೆಳೆಯಷ್ಟು ಬಾಕಿ ಇರುವಾಗ, ಬರೆದದ್ದು ತಾಳೆಯಾಗುತ್ತಿಲ್ಲ ಎಂದು ನಿಂತಿತು. ಇನ್ನೊಮ್ಮೆ ಬರೆದೆ, ಅಲ್ಲಿಯೇ ನಿಂತಿತು. “ಪೆನ್‌ಡ್ರೈವ್ ಹೋಗಿರಬೇಕು. ಬೇರೆ ಹಾಕಿ ನೋಡುವ,” ಎಂದ ಜಯರಾಮ. ಟಿವಿಯ ಪಕ್ಕದ ಬುಟ್ಟಿಯಲ್ಲಿ ಕೀಲಿಕೈ, ಸೇಫ್ಟಿಪಿನ್ನುಗಳ ನಡುವೆ ಒಂದು ಕಪ್ಪು ಪೆನ್‌ಡ್ರೈವ್ ಕಂಡಿತು. ಸಿಕ್ಕಿಸಿದೆ. ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಯಂತ್ರ ಕೇಳಿತಂತೆ. ‘ಅಂತೆ’ ಯಾಕೆಂದರೆ, ಅದು ಹಾಗೆ ಕೇಳುತ್ತದೆಂದು ನನಗೆ ಗೊತ್ತಾದದ್ದು ಆಮೇಲೆ. ಈ ಸಲ ಪಟ್ಟಿ ಪೂರ್ತಿ ಹಸಿರಾಯಿತು. ಗೆದ್ದೆ ಎಂದು ಎದ್ದು ನಿಂತೆ.

ಅಷ್ಟರಲ್ಲಿ ಹೆಂಡತಿ ಶೈಲಜಾ ಸೀರೆ ಉಟ್ಟು ತಯಾರಾಗಿ ಬಂದಳು. “ಬುಟ್ಟಿಯಲ್ಲಿ ನನ್ನ ಕಪ್ಪು ಪೆನ್‌ಡ್ರೈವ್ ಇತ್ತಲ್ಲ, ಎಲ್ಲಿ ಉಂಟು ಮಾರಾಯ್ರೇ?”

ಆ ಸಂಜೆ ನಾಲ್ಕಕ್ಕೆ ಪಕ್ಕದ ಮಾಣಿ ಊರಿನಲ್ಲಿ ಅವಳ ಮಹಿಳಾ ಮಂಡಳಿಯ ತುಳು ನಾಟಕ. ಶೈಲಜಾ ಸೊಸೆ. ಅತ್ತೆ ರಂಗದ ಮೇಲೆ ಬರುವುದೇ ಇಲ್ಲ. ಒಳಕೋಣೆಯಿಂದ ಬೈಯುವ ಅವಳ ಧ್ವನಿ ಮಾತ್ರ ಕೇಳುತ್ತದೆ. ಆ ಧ್ವನಿ ಮಂಡಳಿಯ ಲೀಲಕ್ಕನದು. ನಾಟಕದ ದಿನ ಬೆಳಿಗ್ಗೆಯೇ ಅವರು ಮಗಳ ಮನೆಗೆ ಮಸ್ಕತ್‌ಗೆ ಹೊರಡುವವರಾದ್ದರಿಂದ ಎಲ್ಲ ಬೈಗುಳವನ್ನೂ ಮೊದಲೇ ರೆಕಾರ್ಡ್ ಮಾಡಿ ಇಟ್ಟಿದ್ದರು. ಇಟ್ಟದ್ದು ಆ ಕಪ್ಪು ಪೆನ್‌ಡ್ರೈವಿನಲ್ಲಿ.

ಪೆನ್‌ಡ್ರೈವನ್ನು ತೆಗೆದು ಮತ್ತೆ ಸಿಕ್ಕಿಸಿದೆ. ಅತ್ತೆ ಇರಲಿಲ್ಲ. ಇದನ್ನು ಫಾರ್ಮ್ಯಾಟ್ ಮಾಡಬೇಕೇ ಎಂದು ಚೌಕವೊಂದು ಮೂಡಿತು. ಜೀವನದಲ್ಲಿ ಮೊದಲ ಸಲ ನಾನು ಏನನ್ನೂ ಒತ್ತದೆ ಕುಳಿತೆ.

“ಫೋನಿನಲ್ಲಿ ಇರಬಹುದಲ್ಲ?” ಎಂದೆ.

“ಫೋನ್ ತುಂಬಿದೆ, ಅಳಿಸು ಅಂತ ಹೇಳಿದ್ದು ಯಾರು?”

ಹೇಳಿದ್ದು ನಾನೇ. ಜಯರಾಮನಿಗೆ ಫೋನ್ ಮಾಡಿದೆ. “ಅದರ ಮೇಲೆಯೇ ಬರೆದಾಗಿದೆ ಮಾಸ್ಟ್ರೇ. ಇನ್ನು ಬರುವುದು ಕಷ್ಟ ಉಂಟು,” ಎಂದ. ಲೀಲಕ್ಕನಿಗೆ ಮಾಡಿದರೆ ಸ್ವಿಚ್ ಆಫ್. ಅವರು ಅರಬ್ಬೀ ಸಮುದ್ರದ ಮೇಲೆಲ್ಲೋ ಹಾರುತ್ತಿದ್ದರು.

ಶೈಲಜಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕುರ್ಚಿಯಲ್ಲಿ ಕುಳಿತು, “ಒಂದು ತಿಂಗಳಿಂದ ಕೆಲಸ ಬಿಟ್ಟು ಬಂದು ಪ್ರಾಕ್ಟೀಸ್ ಮಾಡಿದ್ದಾರೆ ಎಲ್ಲರೂ. ಅವರ ಮುಖ ಹೇಗೆ ನೋಡುವುದು?” ಎಂದಳು. ಕಣ್ಣು ತುಂಬಿತ್ತು. ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ಆಮೇಲೆ ಅವಳು ಕಣ್ಣೊರೆಸಿಕೊಂಡು ನನ್ನನ್ನೇ ಬಹಳ ಹೊತ್ತು ನೋಡಿದಳು. “ಪ್ರಾಕ್ಟೀಸ್ ನಮ್ಮ ಮನೆಯ ಜಗಲಿಯಲ್ಲೇ ಆದದ್ದು. ನಿಮಗೆ ಅತ್ತೆಯ ಮಾತು ಅಷ್ಟೂ ಬಾಯಿಪಾಠ ಬಂದಿರಬೇಕಲ್ಲ?”

ಬಂದಿತ್ತು.

ಹಾಗೆ, ನಾಲ್ಕು ಗಂಟೆಗೆ ನಾನು ಮಾಣಿಯಲ್ಲಿ ಪರದೆಯ ಹಿಂದೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಮೈಕ್ ಹಿಡಿದು ಕುಳಿತಿದ್ದೆ. ಬೆವರಿನಿಂದ ಅಂಗಿ ಬೆನ್ನಿಗೆ ಅಂಟಿತ್ತು. ಮೊದಲ ಮಾತಿಗೆ ಗಂಟಲಿನಿಂದ ಬಂದದ್ದು ಬರೀ ಗಾಳಿ. ರಂಗದ ಮೇಲಿದ್ದ ಶೈಲಜಾ ಕಾದಳು. ಮತ್ತೆ, “ಎಂತ ಅತ್ತೆ, ಇವತ್ತು ಬಾಯಿ ಬಿದ್ದುಹೋಯಿತಾ?” ಎಂದು ತುಳುವಿನಲ್ಲಿ, ನಾಟಕದಲ್ಲಿಲ್ಲದ ಮಾತೊಂದನ್ನು ಸೇರಿಸಿ ಕೇಳಿದಳು. ಜನ ಗೊಳ್ಳೆಂದು ನಕ್ಕರು. ನನಗೆಲ್ಲಿತ್ತೋ ರೋಷ, ಒಳಗಿನಿಂದ ಒಂದು ಮುದುಕಿಯ ಧ್ವನಿ ಎದ್ದು ಬಂದು ಸಾಂಬಾರಿನ ಉಪ್ಪಿನಿಂದ ಹಿಡಿದು ಸೊಸೆಯ ನಡಿಗೆಯವರೆಗೆ ಒಂದೂ ಬಿಡದೆ ಬೈದುಹಾಕಿತು. ಮುಗಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ.

ಮನೆಗೆ ಬರುವಾಗ ಶೈಲಜಾ ಕಾರಿನಲ್ಲಿ ಒಬ್ಬಳೇ ನಗುತ್ತಿದ್ದಳು. ಬದುಕಿದೆ ಎಂದುಕೊಂಡೆ.

ನಿಜವಾದ ಆಘಾತ ಬಂದದ್ದು ಮರುದಿನ. ನಾಟಕದ ವಿಡಿಯೋವನ್ನು ಮಂಡಳಿಯವರು ಲೀಲಕ್ಕನಿಗೆ ಕಳಿಸಿದ್ದರು. ನಡೆದ ಅನಾಹುತವನ್ನು ಮಾತ್ರ ಯಾರೂ ತಿಳಿಸಿರಲಿಲ್ಲ. ಶೈಲಜಾಳ ಫೋನಿಗೆ ಮಸ್ಕತ್‌ನಿಂದ ಬಂದ ಧ್ವನಿಸಂದೇಶವನ್ನು ನಾನೇ ಕೇಳಿಸಿಕೊಂಡೆ. “ಶೈಲಾ, ಪೂರ್ತಿ ನೋಡಿದೆ. ನನ್ನ ಸ್ವರ ಎಷ್ಟು ಚಂದ ಬಂದಿದೆ ಅಲ್ವಾ? ಮಗಳೂ ಹೇಳಿದಳು, ಅಮ್ಮ, ಥೇಟ್ ನೀನೇ ಅಂತ.”