ಮೋರಿಯ ಚಪ್ಪಡಿ, ಮೊದಲ ಸಹಿ

ಉತ್ತರ ಕೊಡದೆ ಉತ್ತರ ಬರೆಯುವುದು ಒಂದು ವಿದ್ಯೆ. ಅದರಲ್ಲಿ ನಾನು ಚೆನ್ನಾಗಿಯೇ ಪಳಗಿದ್ದೆ ಎಂದು ಹೇಳಿಕೊಳ್ಳಲು ಈಗ ನನಗೆ ಯಾವ ಸಂಕೋಚವೂ ಇಲ್ಲ. ಬೆಂಗಳೂರಿನ ದಕ್ಷಿಣ ಭಾಗದ ರಸ್ತೆ, ಚರಂಡಿ, ಮೋರಿಗಳ ಯೋಗಕ್ಷೇಮ ನೋಡಿಕೊಳ್ಳುವ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಕಚೇರಿಯ ಹೆಸರು ಹೇಳುವುದಿಲ್ಲ. ನನ್ನ ಪಿಂಚಣಿ ಇನ್ನೂ ಅಲ್ಲಿಂದಲೇ ಬರುತ್ತಿದೆ. ಸಾವಿರದ ಒಂಬೈನೂರ ಅರವತ್ತರ ಆಚೀಚಿನ ಮಾತು ಇದು. ಆಗ ಕಾಗದಪತ್ರವೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು. ಯಾರಾದರೂ ಕನ್ನಡದಲ್ಲಿ ಅರ್ಜಿ ಬರೆದರೆ ನಮ್ಮ ಕಚೇರಿಯವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಕೊನೆಗೆ ನನ್ನ ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ಹೀಗಾಗಿ ಊರಿನ ಕನ್ನಡದ ಗುಂಡಿಗಳೆಲ್ಲ ನನ್ನ ಪಾಲಿಗೆ ಬಂದಿದ್ದವು. ನಾನು ಒಂದೊಂದಕ್ಕೂ ತಪ್ಪದೆ ಉತ್ತರ ಬರೆಯುತ್ತಿದ್ದೆ. ‘ತಮ್ಮ ಮನವಿಯನ್ನು ಗಮನಿಸಲಾಗಿದೆ’, ‘ಸಂಬಂಧಪಟ್ಟವರಿಗೆ ಕಳುಹಿಸಲಾಗಿದೆ’, ‘ಪರಿಶೀಲಿಸಲಾಗುತ್ತಿದೆ’. ಈ ‘ಲಾಗಿದೆ’ ಎನ್ನುವುದನ್ನು ಕಂಡುಹಿಡಿದ ಪುಣ್ಯಾತ್ಮನೂ ಗುಮಾಸ್ತನೇ ಇರಬೇಕು. ಅದರಲ್ಲಿ ಕೆಲಸ ನಡೆಯುತ್ತಲೇ ಇರುತ್ತದೆ, ಮಾಡುವವನು ಮಾತ್ರ ಎಲ್ಲಿಯೂ ಇರುವುದಿಲ್ಲ. ಜನ ಆ ಕಾಗದವನ್ನು ಓದಿ, ಮಡಿಸಿ, ಗೂಡಿನಲ್ಲಿಟ್ಟು, ಗುಂಡಿಯನ್ನು ಬಳಸಿಕೊಂಡು ಹೋಗುವ ಅಭ್ಯಾಸ ಮಾಡಿಕೊಳ್ಳುತ್ತಿದ್ದರು. ನನ್ನ ಉತ್ತರಕ್ಕೆ ಮರುಪ್ರಶ್ನೆ ಬಂದದ್ದೇ ಇಲ್ಲ. ಸಾಹೇಬರು, ಅಂದರೆ ನಮ್ಮ ಎಂಜಿನಿಯರು, ಒಮ್ಮೆ ನನ್ನ ಬೆನ್ನು ತಟ್ಟಿ, “ನಿಮ್ಮ ಕಾಗದ ಡಾಂಬರಿಗಿಂತ ಗಟ್ಟಿ ಕಣ್ರೀ” ಅಂದಿದ್ದರು. ಅದು ಹೊಗಳಿಕೆಯೆಂದೇ ನಾನು ತಿಳಿದಿದ್ದೆ.

ಇಂಥ ನನಗೆ ಮರುಪ್ರಶ್ನೆ ಬಂದದ್ದು ನನ್ನ ಮನೆಯಿಂದ.

ಹನುಮಂತನಗರದ ಬಾಡಿಗೆ ಮನೆ ಬಿಟ್ಟು ನಾವು ಜಯನಗರಕ್ಕೆ ಬಂದು ಆಗ ಎರಡು ವರ್ಷವಾಗಿತ್ತು. ಅಗಲವಾದ ರಸ್ತೆಗಳು, ಬೇಲಿ ಕಟ್ಟಿದ ಎಳೆಯ ಸಸಿಗಳು, ನಾಲ್ಕು ಸೈಟಿಗೆ ಒಂದು ಮನೆ. ಉಳಿದ ಸೈಟುಗಳಲ್ಲಿ ಮನೆಗಳು ಏಳುತ್ತಿದ್ದವು. ಅವುಗಳಿಗೆ ಇಟ್ಟಿಗೆ ಹೊತ್ತು ತರುವ ಲಾರಿಯೊಂದು ನಮ್ಮ ಬೀದಿಯ ಮೂಲೆಯಲ್ಲಿ ಹತ್ತಿರದ ದಾರಿ ಹುಡುಕಲು ಹೋಗಿ, ಚರಂಡಿಯ ಮೋರಿಯ ಮೇಲೆ ಹಾಸಿದ್ದ ಕಲ್ಲುಚಪ್ಪಡಿಯೊಂದನ್ನು ಮುರಿದು ಹಾಕಿತ್ತು. ನಡೆದು ಹೋಗುವವರು ಆ ಬಾಯ್ದೆರೆದ ಜಾಗವನ್ನು ತಪ್ಪಿಸಬೇಕಾದರೆ ರಸ್ತೆಗೇ ಇಳಿಯಬೇಕು. ಬಸ್ಸು ತಿರುಗುವುದೂ ಅದೇ ಮೂಲೆಯಲ್ಲಿ. ನನ್ನ ಹೆಂಡತಿ ಸರೋಜ ಈ ಮಾತನ್ನು ಎರಡು ಮೂರು ಸಲ ಊಟದ ಹೊತ್ತಿನಲ್ಲಿ ಎತ್ತಿದ್ದಳು. “ನಿಮ್ಮ ಆಫೀಸಿಂದೇ ಅಲ್ವಾ ರೀ ಆ ಮೋರಿ? ಒಂದು ಮಾತು ಹೇಳ್ಬಾರ್ದಾ?” ಅಂತ. ನಾನು ಮೊದಲ ಸಲ “ನೋಡೋಣ” ಅಂದೆ. ಎರಡನೆಯ ಸಲ, “ಆಫೀಸಿನ ವಿಷಯ ಮನೇಲಿ ಬೇಡ” ಅಂದೆ. ಮೂರನೆಯ ಸಲ ಸಾರು ಅನ್ನ ಕಲಸುತ್ತಾ, “ಅರ್ಜಿ ಇಲ್ದೆ ಆಫೀಸಲ್ಲಿ ಹುಲ್ಲುಕಡ್ಡೀನೂ ಅಲ್ಲಾಡಲ್ಲ ಕಣೆ” ಅಂದುಬಿಟ್ಟೆ. ಮಾತು ಮುಗಿಸಲು ಆಡಿದ ಮಾತು ಅದು. ಮದುವೆಗೆ ಮುಂಚೆ ಎರಡು ವರ್ಷ ಮಾಧ್ಯಮಿಕ ಶಾಲೆಯಲ್ಲಿ ಕನ್ನಡ ಪಾಠ ಹೇಳಿದ್ದವಳ ಮುಂದೆ ಹಾಗೆ ಆಡಬಾರದಿತ್ತು.

ನಮ್ಮ ಪಕ್ಕದ ಮನೆಯಲ್ಲಿ ಪದ್ಮಮ್ಮ ಎನ್ನುವ ವಯಸ್ಸಾದ ಹೆಂಗಸು ಇದ್ದರು. ಕಣ್ಣಿನ ಪೊರೆ ತೆಗೆಸಿಕೊಂಡು ಸೋಡಾ ಬಾಟಲಿಯ ತಳದಂಥ ಕನ್ನಡಕ ಹಾಕಿಕೊಂಡಿದ್ದರು. ಹುರಿಹಿಟ್ಟು ಮಾಡಿದರೆ ನಮಗೆ ಒಂದು ಡಬ್ಬಿ ಬರದೆ ಇರುತ್ತಿರಲಿಲ್ಲ. ಒಂದು ಬೆಳಗ್ಗೆ ಅವರು ಹೂವು ತರಲು ಹೊರಟು, ಮೂಲೆಯಲ್ಲಿ ರಸ್ತೆಗಿಳಿದಾಗ ಬಸ್ಸು ತಿರುಗಿತು. ಗಾಬರಿಯಲ್ಲಿ ಹಿಂದಕ್ಕೆ ಹೆಜ್ಜೆಯಿಟ್ಟರು. ಹಿಂದೆ ಚಪ್ಪಡಿ ಇರಲಿಲ್ಲ. ಮೊಣಕಾಲಿನವರೆಗೂ ಕಾಲು ಒಳಗಿಳಿದು ಪಾದದ ಗಂಟಿನ ಮೂಳೆ ಮುರಿಯಿತು. ಬಸ್ಸಿನವರೇ ಇಳಿದು ಎತ್ತಿದರಂತೆ. ಆಸ್ಪತ್ರೆಗೆ ಜೊತೆಯಲ್ಲಿ ಹೋದವಳು ಸರೋಜ. ನಾನು ಸಂಜೆ ಮನೆಗೆ ಬಂದಾಗ ಅವಳ ಸೀರೆಯ ಅಂಚಿನಲ್ಲಿ ಇನ್ನೂ ಚರಂಡಿಯ ಕೆಸರಿತ್ತು. “ಹೇಗಿದಾರೆ?” ಅಂದೆ. “ಪ್ಲಾಸ್ಟರ್ ಹಾಕಿದಾರೆ. ಎರಡು ತಿಂಗಳು ಏಳೋ ಹಾಗಿಲ್ಲ” ಅಂದಳು. ಅಂದಿನಿಂದ ಊಟದ ಹೊತ್ತಿನ ಮಾತುಕತೆ ನಿಂತಿತು. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ನಾಲ್ಕನೆಯ ದಿನದ ಟಪಾಲಿನಲ್ಲಿ ಕನ್ನಡದ ಅರ್ಜಿಯೊಂದು ಬಂತು. ಎಂದಿನಂತೆ ನನ್ನ ಮೇಜಿಗೆ ತಂದಿಟ್ಟರು. ಆ ದುಂಡನೆಯ ಅಕ್ಷರವನ್ನು ದಿನಸಿ ಚೀಟಿಯಲ್ಲಿ ಎಷ್ಟೋ ವರ್ಷದಿಂದ ಓದುತ್ತಿದ್ದವನು ನಾನು. ಆದರೂ ಕೆಳಗಿನ ಸಹಿ ನೋಡುವವರೆಗೆ ನಂಬಿಕೆ ಬರಲಿಲ್ಲ. ನಮ್ಮ ಬೀದಿಯ ಎಲ್ಲ ಮನೆಯ ಹೆಂಗಸರೂ ಸಹಿ ಮಾಡಿದ್ದರು. ಮೊದಲ ಸಹಿ ಅವಳದು, ತವರುಮನೆಯ ಇನಿಷಿಯಲ್ಲು ಹಾಕಿ. ಅರ್ಜಿಯಲ್ಲಿ ಮೋರಿ, ತಿರುವು, ಬಸ್ಸು, ಬಿದ್ದವರು, ಬೀಳಬಹುದಾದವರು ಎಲ್ಲರೂ ಇದ್ದರು. ನನ್ನ ಹೆಸರು ಮಾತ್ರ ಇರಲಿಲ್ಲ. ಅಷ್ಟರಮಟ್ಟಿಗೆ ಅವಳು ಮರ್ಯಾದೆ ಉಳಿಸಿದ್ದಳು. ಏನು ಮಾಡಬೇಕೆಂದು ತಲೆ ಯೋಚಿಸುತ್ತಿರುವಾಗಲೇ ಕೈ ತನ್ನಷ್ಟಕ್ಕೆ ತಾನು ಬರೆದು ಮುಗಿಸಿತ್ತು: ‘ತಮ್ಮ ಮನವಿಯನ್ನು ಪರಿಶೀಲಿಸಲಾಗುತ್ತಿದೆ.’ ಅಧಿಕಾರಿಗಳ ಪರವಾಗಿ ಸಹಿ ಹಾಕುವ ಅಧಿಕಾರವೂ ನನಗಿತ್ತು. ಹಾಕಿದೆ. ನಮ್ಮ ಮನೆಯ ವಿಳಾಸವನ್ನೇ ಲಕೋಟೆಯ ಮೇಲೆ ಬರೆಯುವಾಗ, ಕೈಯಲ್ಲೇ ತೆಗೆದುಕೊಂಡು ಹೋದರೆ ಅಂಚೆ ಖರ್ಚು ಉಳಿಯಿತಲ್ಲ ಎಂಬ ಯೋಚನೆ ಬಂದದ್ದು ನಿಜ. ಆದರೆ ಪದ್ಧತಿ ಎಂದರೆ ಪದ್ಧತಿ.

ಎರಡು ದಿನ ಬಿಟ್ಟು ಊಟಕ್ಕೆ ಕೂತಾಗ ಏನೂ ಗೊತ್ತಿಲ್ಲದವನ ಹಾಗೆ ಕೇಳಿದೆ: “ಟಪಾಲು ಏನಾದ್ರೂ ಬಂತಾ?”

“ಬಂತು” ಅಂದಳು ಸರೋಜ.

“ಎಲ್ಲಿಂದ?”

“ಆಫೀಸಿನ ವಿಷಯ ಮನೇಲಿ ಬೇಡ ಅಂತ ನೀವೇ ಹೇಳಿದೀರಲ್ಲ” ಅಂದು ಮಜ್ಜಿಗೆ ಬಡಿಸಿದಳು.

ಎರಡನೆಯ ಕಾಗದ ನನ್ನ ಮೇಜಿಗೆ ಬರಲೇ ಇಲ್ಲ. ಅದು ಸಾಹೇಬರ ಹುದ್ದೆಯ ಹೆಸರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಹೋಗಿತ್ತು. ಅವರು ನನ್ನನ್ನು ಕರೆಸಿ, ಕನ್ನಡಕ ಹಣೆಗೇರಿಸಿ, ಓದಲು ಕೊಟ್ಟರು. ನನ್ನ ಉತ್ತರವನ್ನೇ ಅದಕ್ಕೆ ಲಗತ್ತಿಸಿ, ‘ಪರಿಶೀಲಿಸಲಾಗುತ್ತಿದೆ’ ಎನ್ನುವುದರ ಕೆಳಗೆ ಕೆಂಪು ಮಸಿಯಲ್ಲಿ ಗೆರೆ ಎಳೆದಿತ್ತು. ಪಕ್ಕದಲ್ಲಿ, ‘ಕರ್ತೃಪದ ಎಲ್ಲಿ?’ ಎಂದು ಬರೆದಿತ್ತು. ಕಾಗದದ ಒಕ್ಕಣೆ ಹೀಗಿತ್ತು: ‘ಕರ್ಮಣಿ ಪ್ರಯೋಗದಲ್ಲಿ ಕೂಡ ಕೆಲಸ ಮಾಡುವವರು ಯಾರೋ ಒಬ್ಬರು ಇರುತ್ತಾರೆಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಪರಿಶೀಲಿಸುತ್ತಿರುವವರು ಯಾರು, ಎಂದು ಬಂದು ನೋಡಿದರು, ಏನು ಕಂಡರು ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ. ಬಿದ್ದವರು ಮಾತ್ರ ಕರ್ತರಿ ಪ್ರಯೋಗದಲ್ಲಿಯೇ ಬಿದ್ದಿದ್ದಾರೆ.’

ಸಾಹೇಬರು ನಗುತ್ತಾರೆಂದು ಕಾದೆ. ಅವರು ನಗಲಿಲ್ಲ. “ಇವರಿಗೆ ಸರಿಯಾದ ಉತ್ತರ ಹೋಗ್ಬೇಕು. ಕರ್ತೃಪದ ಇರ್ಲಿ” ಅಂದರು.

“ಯಾರ ಹೆಸರು ಹಾಕ್ಲಿ ಸಾರ್?”

“ನಿಮ್ದೇ ಹಾಕಿ. ನೀವೂ ಜಯನಗರದಲ್ಲೇ ಇರೋದಲ್ವಾ? ನಾಳೆ ಬೆಳಗ್ಗೆ ಓವರ್‌ಸಿಯರ್ ಚನ್ನಪ್ಪನ ಜೊತೆ ಹೋಗಿ, ಅರ್ಜಿದಾರರ ಎದುರಿಗೇ ನೋಡ್ಕೊಂಡು ಬನ್ನಿ.”

ಆ ಅರ್ಜಿದಾರರು ನನ್ನ ಹೆಂಡತಿ ಎಂದು ಹೇಳಲು ಅದು ಒಳ್ಳೆಯ ಸಮಯವಾಗಿತ್ತು. ಬಾಯಿ ತೆರೆದೆ. “ಆಗ್ಲಿ ಸಾರ್” ಎಂಬ ಮಾತು ಹೊರಗೆ ಬಂತು.

ಮಾರನೆಯ ದಿನ ಅವಳು ಮಾಡಿಕೊಟ್ಟ ಉಪ್ಪಿಟ್ಟು ತಿಂದು, ಬಸ್ಸು ಹತ್ತಿ ಕಚೇರಿಗೆ ಹೋಗಿ, ಅಲ್ಲಿಂದ ಚನ್ನಪ್ಪನವರ ಜೊತೆ ಇನ್ನೊಂದು ಬಸ್ಸಿನಲ್ಲಿ ನಮ್ಮ ಬೀದಿಗೇ ವಾಪಸು ಬಂದೆ. ಚನ್ನಪ್ಪನವರು ಕೋಲಾರದ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದಿದ್ದವರು. ನನ್ನ ಸಂಸಾರದ ಪರಿಚಯ ಅವರಿಗಿರಲಿಲ್ಲ. ಹಿಂದಿನ ಸಂಜೆ ಜವಾನನ ಕೈಲಿ ಕಳಿಸಿದ್ದ ನೋಟೀಸಿನಲ್ಲಿ ತಿಳಿಸಿದ್ದ ಹೊತ್ತಿಗೆ ಸರೋಜ ಸರಿಯಾಗಿ ಮೂಲೆಯಲ್ಲಿ ನಿಂತಿದ್ದಳು. ಅವರಿಗೆ ಕೈಮುಗಿದಳು. ನನಗೂ ಕೈಮುಗಿದು, “ಬನ್ನಿ ಸಾರ್. ದೂರದಿಂದ ಬಂದಿರಿ, ತೊಂದರೆ ಆಯ್ತು” ಅಂದಳು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಅವಳು ನನ್ನನ್ನು ಸಾರ್ ಎಂದದ್ದು ಅದೇ ಮೊದಲು. ನಾನೂ ಗಂಭೀರವಾಗಿ ತಲೆಯಾಡಿಸಿ, “ಪರವಾಗಿಲ್ಲಮ್ಮ, ನಮ್ಮ ಕೆಲಸ” ಅಂದೆ.

ಚನ್ನಪ್ಪನವರು ಟೇಪು ಹಿಡಿದು ಮೋರಿಯ ಅಗಲ ಅಳೆದರು. ಆಮೇಲೆ, “ಅಷ್ಟೇನೂ ಅಪಾಯ ಇಲ್ಲಮ್ಮ, ನೋಡ್ಕೊಂಡು ನಡೆದ್ರೆ ಆಯ್ತು” ಅಂದರು. ಸರೋಜ ವಾದ ಮಾಡಲಿಲ್ಲ. “ಒಂದು ಸಲ ನಡೆದು ತೋರಿಸ್ತೀರಾ ಸಾರ್?” ಎಂದು ನನ್ನ ಕಡೆ ತಿರುಗಿದಳು. “ಈ ಕಡೆಯಿಂದ ಆ ಹೂವಿನ ಅಂಗಡಿವರೆಗೂ.” ದಿನವೂ ಓಡಾಡುವ ದಾರಿ, ಇದರಲ್ಲೇನಿದೆ ಎಂದುಕೊಂಡು ಠೀವಿಯಿಂದ ಹೊರಟೆ. ಮೂಲೆ ಬರುತ್ತಿದ್ದಂತೆ ನನ್ನ ಕಾಲು ತಾನಾಗಿ ಎಡಕ್ಕೆ ಹೊರಳಿ ರಸ್ತೆ ದಾಟಿ ಆಚೆ ಬದಿಗೆ ಹೋಯಿತು. ಅಲ್ಲಿ ನಿಂತಾಗ ನನಗೆ ಅರ್ಥವಾಯಿತು. ಚಪ್ಪಡಿ ಮುರಿದಂದಿನಿಂದಲೂ ನಾನು ದಿನಾ ಹಾಗೆಯೇ ದಾಟುತ್ತಿದ್ದೆ. ಯಾಕೆ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ನನ್ನ ಕಾಲಿಗೆ ಗೊತ್ತಿದ್ದ ಅಪಾಯ ನನಗೆ ಗೊತ್ತಿರಲಿಲ್ಲ. ಪದ್ಮಮ್ಮನ ಕಣ್ಣಿಗೆ ಆಚೆ ಬದಿ ಕಾಣುತ್ತಿರಲಿಲ್ಲ, ಆದ್ದರಿಂದ ಅವರು ದಾಟುತ್ತಿರಲಿಲ್ಲ. ಅಷ್ಟೇ ನನಗೂ ಅವರಿಗೂ ಇದ್ದ ವ್ಯತ್ಯಾಸ.

ಅಷ್ಟರಲ್ಲಿ ಬಸ್ಸು ಬಂತು. ಚನ್ನಪ್ಪನವರು ಮೋರಿಯ ಪಕ್ಕ ರಸ್ತೆಯಲ್ಲಿ ಬಗ್ಗಿ ಏನೋ ಗುರುತು ಹಾಕಿಕೊಳ್ಳುತ್ತಿದ್ದರು. ಸರೋಜ ಅವರ ಕೋಟಿನ ತೋಳು ಹಿಡಿದು ಎಳೆದಳು. ಬಸ್ಸಿನ ಹಿಂಬದಿ ಅವರ ಮೊಣಕೈಯಿಂದ ಒಂದು ಗೇಣು ದೂರದಲ್ಲಿ ಹಾದುಹೋಯಿತು. ಅವರು ಕೋಟು ಸರಿಮಾಡಿಕೊಂಡರು. ಆಮೇಲೆ ಪುಸ್ತಕ ತೆಗೆದು, “ಇನ್ನೊಂದು ಸಲ ಮೊದಲಿಂದ ಹೇಳಿಯಮ್ಮ, ಬರ್ಕೋತೀನಿ” ಅಂದರು. ಎಲ್ಲ ಬರೆದುಕೊಂಡ ಮೇಲೆ ಮಾತಿಗೆ ಮಾತು ಎಂಬಂತೆ, “ನಿಮ್ಮ ಯಜಮಾನರು ಏನ್ ಮಾಡ್ತಾರಮ್ಮ?” ಎಂದು ಕೇಳಿದರು.

“ಒಂದು ಆಫೀಸಲ್ಲಿ ಬರೀತಾರೆ” ಅಂದಳು ಸರೋಜ. ನನ್ನ ಕಡೆ ನೋಡಲೂ ಇಲ್ಲ.

ಆವತ್ತು ಕಚೇರಿಗೆ ಮರಳಿ ಬರೆದ ವರದಿ ನನ್ನ ಸರ್ವೀಸಿನಲ್ಲೇ ಚಿಕ್ಕದು. ‘ನಾನು ಹೋಗಿ ನೋಡಿದೆ. ಮೋರಿಯ ಮೇಲೆ ಚಪ್ಪಡಿ ಇಲ್ಲ. ಬಸ್ಸು ತಿರುಗುವಾಗ ಪಾದಚಾರಿಗೆ ನಿಲ್ಲಲು ಜಾಗವಿಲ್ಲ. ಪದ್ಮಮ್ಮ ಎಂಬವರು ಇಲ್ಲಿ ಬಿದ್ದು ಕಾಲು ಮುರಿದುಕೊಂಡಿದ್ದಾರೆ. ಓವರ್‌ಸಿಯರು ಸ್ವಲ್ಪದರಲ್ಲಿ ಉಳಿದರು. ನಾನು ಆ ಬೀದಿಯವನೇ. ಮೊದಲೇ ತಿಳಿಸಬೇಕಾಗಿತ್ತು, ತಿಳಿಸಲಿಲ್ಲ.’ ಕೊನೆಯ ವಾಕ್ಯವನ್ನು ಎರಡು ಸಲ ಹೊಡೆದುಹಾಕಿ ಮೂರನೆಯ ಸಲ ಉಳಿಸಿದೆ. ಸಾಹೇಬರು ಓದಿ, ನನ್ನ ಮುಖ ನೋಡಿ, ಮಂಜೂರು ಮಾಡಿದರು. ಹದಿನೈದು ದಿನದಲ್ಲಿ ಚಪ್ಪಡಿ ಬಂತು. ಅದು ಮೋರಿಗಿಂತ ಒಂದು ಮೊಳ ಗಿಡ್ಡವಾಗಿತ್ತು. ಅದಕ್ಕೊಂದು ಕಾಗದ ಹೋಯಿತು. ಅದರಲ್ಲಿ ಈ ಸಲ ವ್ಯಾಕರಣದ ಜೊತೆ ಗಣಿತವೂ ಇತ್ತು. ಉದ್ದದ ಚಪ್ಪಡಿ ಬಂತು. ತಿರುವಿನಲ್ಲಿ ಸುಣ್ಣ ಬಳಿದ ನಾಲ್ಕು ಗೂಟದ ಕಲ್ಲುಗಳನ್ನೂ ಚನ್ನಪ್ಪನವರು ನಿಂತು ನೆಡಿಸಿದರು. ಅದನ್ನು ಯಾರೂ ಕೇಳಿರಲಿಲ್ಲ. ಪದ್ಮಮ್ಮ ಕೋಲೂರಿಕೊಂಡು ಮೊದಲ ಸಲ ಹೂವು ತರಲು ಹೋದ ದಿನ ಸರೋಜ ಗೇಟಿನಲ್ಲಿ ನಿಂತು ಅವರು ಮೂಲೆ ದಾಟುವವರೆಗೂ ನೋಡಿದಳು. ನಾನು ಅವಳ ಹಿಂದೆ ನಿಂತು ನೋಡಿದೆ. ಆ ಸಂಜೆಯಿಂದ ನಮ್ಮ ಮನೆಯಲ್ಲಿ ಊಟದ ಹೊತ್ತಿನ ಮಾತುಕತೆ ಮತ್ತೆ ಶುರುವಾಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ನೆಮ್ಮದಿಗೆ ಒಳ್ಳೆಯದಿತ್ತು. ಆದರೆ ಸುದ್ದಿ ಹರಡಿತು. ಹಿಂದಿನ ಬೀದಿಯವರು ಬೀದಿದೀಪಕ್ಕೆ, ಶಾಲೆಯ ಹತ್ತಿರದವರು ಗೇಟಿನೆದುರಿನ ಗುಂಡಿಗೆ, ಬನಶಂಕರಿ ಕಡೆಯವರು ಜಲ್ಲಿ ಸುರಿದು ಮರೆತುಹೋದ ರಸ್ತೆಗೆ, ಹೀಗೆ ಒಬ್ಬೊಬ್ಬರಾಗಿ ಸರೋಜಳ ಹತ್ತಿರ ಅರ್ಜಿ ಬರೆಸಿಕೊಳ್ಳಲು ಬರತೊಡಗಿದರು. ಅವಳು ಕರಡು ಬರೆದು ನನ್ನ ಮುಂದಿಡುತ್ತಿದ್ದಳು. “ಇದಕ್ಕೆ ನಿಮ್ಮ ಆಫೀಸಿನವರು ಹೇಗೆ ತಪ್ಪಿಸ್ಕೋತಾರೆ ಹೇಳಿ” ಅನ್ನುತ್ತಿದ್ದಳು. ಮೂವತ್ತು ಥರ ತಪ್ಪಿಸಿಕೊಳ್ಳಲು ಬರುತ್ತಿದ್ದ ನಾನು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಆ ಮೂವತ್ತು ದಾರಿಗಳನ್ನೂ ಒಂದೊಂದಾಗಿ ಮುಚ್ಚುತ್ತಿದ್ದೆ. ಅಲ್ಲಿ ನಾನು ತಿದ್ದಿದ ಅರ್ಜಿ ವಾರದೊಳಗೆ ಇಲ್ಲಿ ನನ್ನ ಮೇಜಿಗೆ ಬರುತ್ತಿತ್ತು. ಎಂದೂ ಕಂಡಿಲ್ಲದವನಂತೆ ಬಿಡಿಸಿ ಓದಿ, ಉತ್ತರ ಹೊಳೆಯದೆ ಪೆನ್ನು ಕಚ್ಚುತ್ತಾ ಕೂರುತ್ತಿದ್ದೆ.

ಒಂದು ದಿನ ಸಾಹೇಬರು ಅಂಥದೊಂದು ಅರ್ಜಿಯನ್ನು ಹಿಡಿದುಕೊಂಡು ನನ್ನ ಮೇಜಿನ ಹತ್ತಿರವೇ ಬಂದರು. “ನೋಡ್ರಿ, ಯಾರು ಬರೆದಿದಾರೋ ಗೊತ್ತಿಲ್ಲ, ನುಣುಚ್ಕೊಳ್ಳೋಕೆ ಒಂದು ಸಂದಿ ಬಿಟ್ಟಿಲ್ಲ. ಕೆಲಸ ಮಾಡೋದು ಬಿಟ್ರೆ ನಮಗೆ ಬೇರೆ ದಾರೀನೇ ಇಲ್ಲ” ಎಂದು ಮೆಚ್ಚಿಕೊಂಡರು. ಆಮೇಲೆ ಸ್ವಲ್ಪ ತಡೆದು, ಬೇಜಾರು ಮಾಡಿಕೊಳ್ಳಬಾರದು ಎನ್ನುವ ದನಿಯಲ್ಲಿ ಹೇಳಿದರು: “ನೀವೂ ಇಷ್ಟು ವರ್ಷದಿಂದ ಬರೀತಾ ಇದೀರಿ. ಇಂಥವರನ್ನ ನೋಡಿ ಕಲೀಬಾರ್ದಾ?”

“ಪ್ರಯತ್ನ ಮಾಡ್ತೀನಿ ಸಾರ್” ಅಂದೆ.