ಗುಲಾಬಿ ಸೋಪಿಗೆ ಗಡೀಪಾರು

ಮಗು ಅಮ್ಮನ ಜಡೆಯ ತುದಿಯನ್ನು ಚಪ್ಪರಿಸಿ ಚೀಪುತ್ತಿರುವುದನ್ನು ಕಂಡಾಗಲೇ ಅವಳಿಗೆ ಶಾಂಪೂ ಬಾಟಲಿಯ ಹಿಂಬದಿ ಓದುವ ಬುದ್ಧಿ ಬಂದದ್ದು. ಓದಿದಳು ಎನ್ನುವುದಕ್ಕಿಂತ ಓದಲು ಹೋಗಿ ನಾಲಿಗೆ ಗಂಟುಬಿತ್ತು ಎನ್ನಬೇಕು. ಒಂದೊಂದು ರಾಸಾಯನಿಕದ ಹೆಸರೂ ಗೂಡ್ಸ್ ರೈಲಿನಷ್ಟು ಉದ್ದ!

“ರೀ, ನಮ್ಮ ಬಟಾಣಿ ಪಾಪು ಇಷ್ಟು ದಿನ ತಿಂದಿದ್ದು ಇದನ್ನಾ!”

“ಅದು ಜಡೆ ಚೀಪ್ತಿದೆ ಕಣೇ, ಬಾಟ್ಲಿ ಎತ್ತಿ ಕುಡೀತಿಲ್ವಲ್ಲ,” ಎಂದ ಗಂಡ. ಅವನು ಸ್ಕೂಟರ್ ಮೆಕ್ಯಾನಿಕ್. ಉಗುರಿನ ಸಂದಿಯ ಗ್ರೀಸಿನ ಹೊರತು ಜಗತ್ತಿನ ಬೇರಾವ ರಾಸಾಯನಿಕಕ್ಕೂ ಹೆದರಿದವನಲ್ಲ.

“ಇವತ್ತಿಂದ ಈ ಮನೇಲಿ ಸೋಪೂ ಇಲ್ಲ, ಶಾಂಪೂನೂ ಇಲ್ಲ. ನಿಮಗೂ ಸೇರಿಸಿ ಹೇಳ್ತಿದೀನಿ!”

ಅಂದೇ ಬಚ್ಚಲುಮನೆಯಲ್ಲಿ ಮಹಾಕ್ರಾಂತಿ ನಡೆಯಿತು. ಶಾಂಪೂ ಮೋರಿ ಸೇರಿತು. ಹೈಸ್ಕೂಲಿನಿಂದ ಅವಳ ಮೈ ಬಿಡದ ಗುಲಾಬಿ ಸೋಪು ಅಟ್ಟಕ್ಕೆ ಗಡೀಪಾರಾಯಿತು. (ಎಸೆಯಲು ಕೈ ಬರಲಿಲ್ಲ.) ಜೇಡಿಮಣ್ಣಿನ ಪುಡಿ, ವಿನೆಗರ್ ಶೀಸೆ, ಮೊಟ್ಟೆಗಳಿಗೆ ಅಲ್ಲಿ ಪಟ್ಟಾಭಿಷೇಕವಾಯಿತು.

“ಮೊಟ್ಟೆ ಬಚ್ಚಲಲ್ಲಿ ಯಾಕಮ್ಮಾ?” ಅತ್ತೆ ಇಣುಕಿದರು.

“ತಲೆಗೆ, ಅತ್ತೆ.”

“ಒಳಗಡೆಗಾ, ಹೊರಗಡೆಗಾ?”

ಅವಳು ಬಾಗಿಲು ಹಾಕಿಕೊಂಡು ತಲೆಗೆ ಮೊಟ್ಟೆ ಮೆತ್ತಿ, ಎಂದಿನಂತೆ ಹೊಗೆಯಾಡುವ ಬಿಸಿನೀರು ಸುರಿದುಕೊಂಡಳು. ಮರುಕ್ಷಣ ಎಂಥ ಚೀತ್ಕಾರವೆಂದರೆ, ಗಂಡ ಸ್ಪ್ಯಾನರ್ ಹಿಡಿದೇ ಓಡಿಬಂದ. ಮೊಟ್ಟೆ ತಲೆಯ ಮೇಲೆಯೇ ಬೆಂದುಹೋಗಿತ್ತು!

ಅತ್ತೆ ಬಾಚಣಿಗೆ ಹಿಡಿದು ಬಿಳಿ ಚೂರುಗಳನ್ನು ಹೆಕ್ಕುತ್ತಾ, “ಉಪ್ಪು ಖಾರ ಉದುರಿಸೋದೊಂದೇ ಬಾಕಿ,” ಎಂದರು.

ಅವಳ ಕೆಲಸ ಕನ್ನಡಕದಂಗಡಿಯಲ್ಲಿ. ಗಿರಾಕಿಯ ಮುಖಕ್ಕೆ ಮುಖ ತಂದು ಫ್ರೇಮು ಕೂರಿಸಬೇಕು. ಮೊಟ್ಟೆಯ ವಾಸನೆ ಹೋಗಲೆಂದು ಅರ್ಧ ಶೀಸೆ ವಿನೆಗರ್ ಸುರಿದುಕೊಂಡೇ ಅವಳು ಮರುದಿನ ಅಂಗಡಿಗೆ ಹೋದದ್ದು. ಹಿರಿಯರೊಬ್ಬರು ಕುರ್ಚಿ ಸಮೇತ ಹಿಂದೆ ಸರಿದರು. “ಕನ್ನಡಕ ಕಣ್ಣಿಗಾಯ್ತಮ್ಮ. ಮೂಗಿಗೇನಾದ್ರೂ ಇದ್ರೆ ಕೊಡ್ತೀಯಾ?”

ಇದನ್ನೆಲ್ಲ ಅವಳು ನುಂಗಿಕೊಂಡಳು. ಮಗುವಿಗಾಗಿ ಅಲ್ಲವೆ? ಆದರೆ ನುಂಗಲಾಗದ್ದು ಸಂಜೆಗೆ ಕಾದಿತ್ತು.

ಬಟಾಣಿಗೆ ಮಾತು ಬರುವ ಕಾಲ. ‘ಅಮ್ಮ’ ಎಂದು ಹೇಳಿಕೊಟ್ಟು ಹೇಳಿಕೊಟ್ಟು ಅವಳ ಗಂಟಲೇ ಕಟ್ಟಿತ್ತು. ದಿನಾ ಅವಳು ಕೆಲಸದಿಂದ ಬಂದೊಡನೆ ಮಗು ಅವಳ ಕತ್ತಿನಲ್ಲಿ ಮೂಗು ಹುದುಗಿಸಿ, ಆಳವಾಗಿ ಉಸಿರೆಳೆದು, “ಅಮ್... ಅಮ್...” ಎನ್ನುವಷ್ಟಕ್ಕೆ ಬಂದಿತ್ತು. ಇನ್ನರ್ಧ ಅಕ್ಷರ ಬಾಕಿ, ಅಷ್ಟೆ. ಅಂದು ಅದೇ ಮಗು ಕತ್ತಿಗೆ ಮೂಗು ತಾಗಿಸಿದ್ದೇ ತಡ, ಬೆಚ್ಚಿಬಿದ್ದು ಅವಳ ಮುಖವನ್ನೇ ದಿಟ್ಟಿಸಿತು. ಮುಖವೇನೋ ಅಮ್ಮನದೇ, ಒಳಗಿರುವುದು ಯಾರು? ಓಣಿಗೆಲ್ಲ ಕೇಳುವಂತೆ ಅಳತೊಡಗಿತು.

ದಿನಗಳುರುಳಿದರೂ ಅದು ಅವಳ ಹತ್ತಿರ ಸುಳಿಯಲಿಲ್ಲ. ಅದಕ್ಕಿಂತ ಆಶ್ಚರ್ಯವೆಂದರೆ, ಪೆಟ್ರೋಲು ನಾತದ ಅಪ್ಪನನ್ನು ಕಂಡರೆ ಮೂಗು ಮುರಿಯುತ್ತಿದ್ದ ಬಟಾಣಿ ಈಗ ಅವನು ಸ್ನಾನ ಮುಗಿಸಿ ಬಂದರೆ ಸಾಕು, ಹಾರಿ ಅವನ ಹೆಗಲೇರುತ್ತಿತ್ತು. ಅವನ ಕೈಗಳೋ, ಥಳಥಳ!

ಹೊಟ್ಟೆಯಲ್ಲಿ ಕಿಚ್ಚು ಎದ್ದರೂ ಅವಳು ತತ್ವ ಬಿಟ್ಟುಕೊಡಲಿಲ್ಲ. “ನೋಡಿದ್ರಾ ಅತ್ತೆ, ಮಣ್ಣಿನ ಮಹಿಮೆ? ಗ್ರೀಸಿನ ಗುರುತೂ ಇಲ್ಲ!”

“ಹೂಂ,” ಎಂದು ಅತ್ತೆ ಬಟ್ಟೆ ಮಡಚುವುದರಲ್ಲಿ ಮುಳುಗಿದರು. ಆ ‘ಹೂಂ’ ಯಾಕೋ ಸ್ವಲ್ಪ ಉದ್ದವಾಯಿತು.

ಆಗಲೇ ಬಟಾಣಿ ಅಪ್ಪನ ಕತ್ತಿಗೆ ಮೂಗಿಟ್ಟು, ಉಸಿರೆಳೆದು, ಸ್ಪಷ್ಟವಾಗಿ ಹೇಳಿತು:

“ಅಮ್ಮ!”

ಅವಳ ಕೈಯಲ್ಲಿದ್ದ ಲೋಟ ಕೆಳಗೆ ಬಿತ್ತು. ಎರಡೇ ಹೆಜ್ಜೆಗೆ ಗಂಡನನ್ನು ಹಿಡಿದು ಕತ್ತು ಮೂಸಿದಳು. ಗುಲಾಬಿ! ಘಮಘಮ ಗುಲಾಬಿ!

“ಕಳ್ಳ! ನನ್ನ ಸೋಪು!”

“ಇನ್ನೇನ್ ಮಾಡ್ಲೇ? ಮಣ್ಣು ತಿಕ್ಕಿದ್ರೆ ಗ್ರೀಸು ಹೋಗಲ್ಲ, ಗ್ರೀಸಿಗೆ ಮಣ್ಣು ಸೇರ್ಕೊಳುತ್ತೆ ಅಷ್ಟೇ!”

“ಅತ್ತೆ, ನಿಮಗೆ ಗೊತ್ತಿತ್ತಾ?”

“ಅವನು ಅಟ್ಟಕ್ಕೆ ಹತ್ತಿದಾಗ ಸ್ಟೂಲು ಹಿಡ್ಕೊಂಡಿದ್ದು ಯಾರು ಅಂದ್ಕೊಂಡೆ?”

“ಕೊಡಿ ಅದನ್ನ ಇಲ್ಲಿ!”

ಗಂಡ ತಲೆ ಕೆರೆದುಕೊಳ್ಳುತ್ತಾ ತಂದುಕೊಟ್ಟದ್ದು ಉಗುರಿನಷ್ಟು ತೆಳ್ಳಗಿನ ಚೂರು. ತತ್ವ, ಕ್ರಾಂತಿಗಳನ್ನೆಲ್ಲ ಬಾಗಿಲ ಹೊರಗೇ ಬಿಟ್ಟು ಅವಳು ಬಚ್ಚಲಿಗೆ ನುಗ್ಗಿ, ಚೂರು ಕರಗಿ ಮಾಯವಾಗುವ ತನಕ ತಿಕ್ಕಿಕೊಂಡಳು.

ಹೊರಬಂದಾಗ ಬಟಾಣಿ ಗಾಳಿಯನ್ನು ಮೂಸಿತು. ಕೈ ಚಾಚಿತು! ಅವಳ ಕತ್ತಿನಲ್ಲಿ ಮೂಗು ಹುದುಗಿಸಿ, ಹಳೆಯ ಮನೆಗೆ ಮರಳಿದಂತೆ ನಿಟ್ಟುಸಿರಿಟ್ಟಿತು. ಅವಳ ಕಣ್ಣು ತುಂಬಿತು.

“ಹೇಳು ಬಂಗಾರ, ನಾನ್ಯಾರು? ಅಮ್... ಅಮ್...”

ಬಟಾಣಿ ತಲೆಯೆತ್ತಿ ಅವಳನ್ನು ನೋಡಿತು. ಪಾಪ, ಇವಳಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂಬಂತೆ ಮುದ್ದಾಗಿ ನಕ್ಕಿತು. ಆಮೇಲೆ ಪುಟ್ಟ ಬೆರಳನ್ನು ಮೀಸೆ ಹೊತ್ತ ಅಪ್ಪನ ಕಡೆಗೇ ನೇರವಾಗಿ ತೋರಿಸಿ ಹೇಳಿತು:

“ಅಮ್ಮ!”